ಮಾತು ಕೇಳದ ಹುಡುಗಿ

ನಾನು ಅಂಗನವಾಡಿ ಟೀಚರ್. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಕಾಲುವೆ ಪಕ್ಕದ ಊರೊಂದರಲ್ಲಿ ಕೆಲಸ. ನಾನು ಮಕ್ಕಳಿಗೆ ಹೊಡೆಯುವವಳಲ್ಲ. ಹೊಡೆಯದೆಯೇ ಒಂದು ಕೋಣೆ ತುಂಬ ಮಕ್ಕಳನ್ನು ಸುಮ್ಮನೆ ಕೂರಿಸುತ್ತೇನೆಂಬ ಹೆಮ್ಮೆ ನನಗಿತ್ತು. ಹಟ ಮಾಡಿದವರನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದೆ, ಅಷ್ಟೇ. ಹತ್ತು ನಿಮಿಷ ಕಳೆಯುವುದರೊಳಗೆ ಎಂಥ ಪುಂಡ ಮಗುವೂ "ಇನ್ನ ಮಾಡಂಗಿಲ್ರಿ ಟೀಚರ" ಅನ್ನುತ್ತಿತ್ತು.

ಕೆಲವು ವರ್ಷಗಳ ಹಿಂದೆ, ನಾಟಿಯ ದಿನಗಳಲ್ಲಿ, ಬಳಗಾನೂರು ಕಡೆಯ ಒಂದು ಕುಟುಂಬ ನಮ್ಮೂರಿಗೆ ಬಂದು ನೆಲೆಸಿತು. ತಾಯಿ ಗದ್ದೆ ಕೆಲಸಕ್ಕೆ ಹೋಗುವ ಮುಂಚೆ ನಾಲ್ಕು ವರ್ಷದ ಮಗಳನ್ನು ತಂದು ಬಿಟ್ಟಳು.

"ಭಾಳ ಹಟಮಾರಿ ಅದಾಳ್ರಿ ಟೀಚರ. ನನ್ನ ಮಾತು ಒಂದೂ ಕೇಳಂಗಿಲ್ಲ. ನೀವಾದ್ರೂ ಬುದ್ಧಿ ಕಲಸ್ರಿ" ಎಂದಳು.

ಹುಡುಗಿ ತಾಯಿ ಹೇಳಿದಂತೆಯೇ ಇದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಬೇರೆ ಮಕ್ಕಳ ಕೈಯಲ್ಲಿದ್ದುದನ್ನು ಕಸಿದುಕೊಳ್ಳುತ್ತಿದ್ದಳು, ಬೇಡವೆಂದರೂ ಬಿಡುತ್ತಿರಲಿಲ್ಲ. ಹಾಡು ಹೇಳಿಸುವಾಗ ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಒಂದು ಗಳಿಗೆ ತಡವಾಗಿ ತಾನೂ ತಟ್ಟುತ್ತಿದ್ದಳು. ನನ್ನನ್ನು ಅಣಕಿಸುತ್ತಿದ್ದಾಳೆ ಅನ್ನಿಸಿತು. ಗೋಡೆಗೆ ಕೂರಿಸಿದೆ. ಹತ್ತು ನಿಮಿಷದ ನಂತರ ಹಿಂದಿನಿಂದ "ಸಾಕು, ಬಾರವ್ವಾ" ಎಂದೆ. ತಿರುಗಲಿಲ್ಲ. ಇಷ್ಟು ಸಣ್ಣ ಜೀವಕ್ಕೆ ಇಷ್ಟೊಂದು ಸೊಕ್ಕೇ ಎಂದು ಹಾಗೆಯೇ ಬಿಟ್ಟೆ. ದಿನ ಕಳೆದಂತೆ ಆ ಹತ್ತು ನಿಮಿಷ ಅರ್ಧ ತಾಸಾಯಿತು, ಆಮೇಲೆ ಊಟದ ಹೊತ್ತಿನವರೆಗೂ ಬೆಳೆಯಿತು.

ಅಡುಗೆ ಮಾಡುವ ನಮ್ಮ ಸಹಾಯಕಿ ನನಗಿಂತ ಹಿರಿಯಳು. ಒಂದು ದಿನ ಅಕ್ಕಿ ಆರಿಸುತ್ತ, "ಆ ಕೂಸಿನ ಕಿವಿ ಮಂದ ಅದಾವೇನೋ, ಒಮ್ಮೆ ನೋಡ್ರಿ ಟೀಚರ" ಎಂದಳು.

"ಕಿವಿಯೆಲ್ಲ ಚಲೋ ಅದಾವ. ಸೊಕ್ಕು ಅದು. ನೀ ನಿನ್ನ ಅಡಗಿ ನೋಡ್ಕೋ" ಎಂದೆ.

ಹಾಗೆ ಹೇಳಲು ನನಗೊಂದು ಕಾರಣವೂ ಇತ್ತು. ಹೊಸ ಮಕ್ಕಳು ಬಂದಾಗ ಕಣ್ಣು, ಕಿವಿ, ನಡಿಗೆ ಎಲ್ಲ ನೋಡಿ ಒಂದು ಪಟ್ಟಿ ತುಂಬಬೇಕು. ಅವಳ ಪಟ್ಟಿಯಲ್ಲಿ ಕಿವಿ ಸರಿ ಇದೆ ಎಂದು ನಾನೇ ಗುರುತು ಹಾಕಿದ್ದೆ. ಆ ದಿನ ಕೆಲಸ ಬಹಳವಿತ್ತು. ಎಲ್ಲ ಮಕ್ಕಳದನ್ನೂ ಕುರ್ಚಿಯಲ್ಲಿ ಕುಳಿತೇ ತುಂಬಿದ್ದೆ.

ಅದಾಗಿ ಹದಿನೈದು ದಿನವಿರಬಹುದು. ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸಹಾಯಕಿಯ ಕೈಯಿಂದ ಸ್ಟೀಲ್ ತಾಟುಗಳ ಅಟ್ಟಿ ಜಾರಿ, ಅವಳ ಬೆನ್ನ ಹಿಂದೆಯೇ ಬಿತ್ತು. ಮಕ್ಕಳೆಲ್ಲ ಬೆಚ್ಚಿ ಕೂಗಿದರು, ಒಂದು ಕೂಸು ಅಳತೊಡಗಿತು. ಆ ಪುಟ್ಟ ಬೆನ್ನು ಮಾತ್ರ ಅಲುಗಲಿಲ್ಲ. ಸಹಾಯಕಿ ನನ್ನ ಮುಖ ನೋಡಿದಳು.

ನಾನು ಹತ್ತಿರ ಹೋಗಿ ಹೆಸರು ಕರೆದೆ. ಚಪ್ಪಾಳೆ ತಟ್ಟಿದೆ. ಇನ್ನೂ ಬಗ್ಗಿ ಕರೆದೆ. ಕೊನೆಗೆ ಹೆಗಲ ಮೇಲೆ ಕೈಯಿಟ್ಟೆ. ಅವಳು ಥಟ್ಟನೆ ತಿರುಗಿ, ನನ್ನನ್ನು ನೋಡಿ, ಎರಡೂ ಕೈಯಿಂದ ತನ್ನ ಕಿವಿ ಹಿಡಿದುಕೊಂಡಳು. ತಪ್ಪಾಯಿತು ಎಂದು ಹೇಳಲು ಮಕ್ಕಳಿಗೆ ನಾನೇ ಕಲಿಸಿದ ಕ್ರಮ ಅದು.

ಮರುದಿನ ಬಂದವಳು ಚೀಲ ಇಟ್ಟು, ಯಾರೂ ಹೇಳದೆಯೇ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಎತ್ತಿಕೊಳ್ಳಲು ಹೋದೆ. ಮೈ ಬಿಗಿ ಮಾಡಿಕೊಂಡಳು.

ಮೇಲ್ವಿಚಾರಕಿಗೆ ಫೋನ್ ಮಾಡಿ ಆ ಮಗುವಿನ ಕಿವಿಯ ಬಗ್ಗೆ ಅನುಮಾನ ಬಂದಿದೆ ಎಂದೆ. ಪಟ್ಟಿಯ ಮಾತು ಎತ್ತಲಿಲ್ಲ. ಚಲೋ ಗಮನಿಸೀರಿ ಎಂದರು ಅವರು. ಮುಂದಿನ ವಾರ ತಾಯಿ, ಮಗಳು, ನಾನು ಮೂವರೂ ಲಿಂಗಸುಗೂರಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆವು. ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ, ಮಷಿನ್ ಹಾಕಿದರೆ ಕೇಳಿಸಬಹುದು ಎಂದರು.

"ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ಲೇನು?" ಎಂದು ಡಾಕ್ಟರು ಕೇಳಿದರು.

ತಾಯಿ ನನ್ನ ಕಡೆ ಕೈ ಮಾಡಿದಳು. "ಈ ಟೀಚರಮ್ಮಾರೇ ಕಂಡು ಹಿಡಿದಾರ್ರಿ. ಇವರಿರಲಿಲ್ಲಂದ್ರ ನಮಗೇನು ತಿಳೀತಿತ್ತು."

ಡಾಕ್ಟರು ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ನಾನು ಸುಮ್ಮನೆ ಕೂತಿದ್ದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಗೇಡಿನ ಮೌನ ಇನ್ನೊಂದಿಲ್ಲ.

ಮರಳುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ತಾಯಿ ಅಂಗಡಿಯಿಂದ ಮಂಡಾಳ ಒಗ್ಗರಣಿ, ಮಿರ್ಚಿ ತಂದು ಮೊದಲ ಪ್ಲೇಟು ನನ್ನ ಕೈಗೇ ಕೊಟ್ಟಳು. ಅದನ್ನು ತಿನ್ನಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಗೋಡೆ, ಊಟದವರೆಗಿನ ಶಿಕ್ಷೆ, ನೋಡದೆ ತುಂಬಿದ ಪಟ್ಟಿ, ಸಹಾಯಕಿ ಎಚ್ಚರಿಸಿದರೂ ನಾನು ಗದರಿದ್ದು.

ಆಕೆ ಮಗಳ ಕೆನ್ನೆಗೆ ಅಂಟಿದ್ದ ಮಂಡಕ್ಕಿ ಕಾಳನ್ನು ಬೆರಳಿಂದ ತೆಗೆದಳು. "ನಾನೂ ಬಡದೀನ್ರಿ. ಕಟ್ಟಿಗಿ ತಗೊಂಡು ಬಡದೀನಿ" ಎಂದಳು. ಅದು ನನಗೆ ಹೇಳಿದ ಸಮಾಧಾನ ಅಂದುಕೊಂಡೆ. ಆಕೆ ಇನ್ನೂ ಮುಗಿಸಿರಲಿಲ್ಲ.

"ಆದ್ರ ನಾ ಓದಿದಾಕಿ ಅಲ್ರಿ ಟೀಚರ."

ಸಿಂಧನೂರು ಬಸ್ಸು ಬಂತು. ನನ್ನ ಪಕ್ಕದಲ್ಲಿ ಜಾಗವಿದ್ದರೂ ತಾಯಿ ಮಗಳು ಹಿಂದಿನ ಸೀಟಿಗೆ ಹೋಗಿ ಕೂತರು.

ಮಷಿನ್ ಬರಲು ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಅವಳನ್ನು ನನ್ನ ಎದುರಿಗೇ ಕೂರಿಸಿಕೊಂಡು, ತುಟಿ ಕಾಣುವಂತೆ ಮಾತಾಡಿದೆ. ಮಷಿನ್ ಹಾಕಿದ ಹೊಸತರಲ್ಲಿ ಮಕ್ಕಳ ಗದ್ದಲಕ್ಕೆ ಹೆದರಿ ಕಿತ್ತೆಸೆಯುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹಿಂದಿನಿಂದ ಹೆಸರು ಕರೆದೆ. ತಿರುಗಿ ನೋಡಿದಳು. ಮಕ್ಕಳೆಲ್ಲ ಕುಣಿದಾಡಿದರು. ನಾನು ಅಡುಗೆ ಕೋಣೆಗೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತೆ.

"ನೀ ಮೊದಲೇ ಹೇಳಿದ್ದಿ" ಎಂದೆ ಸಹಾಯಕಿಗೆ.

"ಹೌದ್ರಿ. ಒಂದಿಷ್ಟು ಸರೀರಿ, ಬ್ಯಾಳಿ ಹೊತ್ತಾಕತ್ತೈತಿ" ಎಂದಳು ಆಕೆ.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಓದಿನಲ್ಲಿ ಚುರುಕಂತೆ. ತಾಯಿ ದಾರಿಯಲ್ಲಿ ಸಿಕ್ಕರೆ ನಿಂತು ನಮಸ್ಕಾರ ಮಾಡುತ್ತಾಳೆ, ಬೆಳೆ ಬಗ್ಗೆ ಮಾತಾಡುತ್ತಾಳೆ. ಅವಳ ಸಣ್ಣ ಮಗನಿಗೆ ಹೋದ ವರ್ಷ ಮೂರು ತುಂಬಿತು. ಅವನನ್ನು ಕಾಲುವೆಯಾಚೆಯ ಅಂಗನವಾಡಿಗೆ ಕಳಿಸುತ್ತಾಳೆ. ಅದು ಅವರ ಮನೆಗೆ ದೂರ, ದಿನಾ ಎತ್ತಿಕೊಂಡೇ ಸೇತುವೆ ದಾಟಬೇಕು. ಯಾಕೆಂದು ನಾನು ಕೇಳಿಲ್ಲ.