ಒಂದು ಸಾಲಿನ ಹಿಂದೆ ನಾಲ್ಕು ಊರು

ಗೌರಿಬಿದನೂರಿನಿಂದ ಬೆಳಿಗ್ಗೆ ಆರೂವರೆಯ ಸರ್ಕಾರಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕುಳಿತೆ. ಆಷಾಢದ ಗಾಳಿ ಬೀಸುತ್ತಿತ್ತು, ಮಳೆಯ ಸುಳಿವಿರಲಿಲ್ಲ. ಹತ್ತು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕು ಊರುಗಳ ಕಾಲೇಜು ವಿದ್ಯಾರ್ಥಿಗಳ ಕ್ರೈಸ್ತ ಬಳಗವನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೊಮ್ಮೆ ಹತ್ತಿಪ್ಪತ್ತು ಮಕ್ಕಳು ಸೇರುತ್ತಾರೆ. ಹಾಡು, ಬೈಬಲ್ ಓದು, ಪ್ರಾರ್ಥನೆ, ಆಮೇಲೆ ಚಹಾ ಮತ್ತು ಬೇಕಾದಷ್ಟು ಹರಟೆ. ಪ್ರತಿ ಸಲ ಬಿಸ್ಕತ್ತಿನ ಪೊಟ್ಟಣಗಳನ್ನು ಹೊತ್ತು ಹೋಗುತ್ತಿದ್ದವಳು ಆ ಶನಿವಾರ ಬರಿಗೈಯಲ್ಲಿ ಹೊರಟಿದ್ದೆ. ಕ್ಷಮೆ ಕೇಳಲು ಹೋಗುವವರು ಏನು ತೆಗೆದುಕೊಂಡು ಹೋಗಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಯಾರ ಬಳಿ ಕ್ಷಮೆ ಎಂದರೆ, ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದ ಒಬ್ಬ ಹುಡುಗಿಯ ಬಳಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಬರೆದದ್ದೇ ಸಾಕಾಗಿದೆ. ಶಿಡ್ಲಘಟ್ಟ ತಾಲ್ಲೂಕಿನ ಹಿಂದೂ ರೈತರ ಮನೆಯವಳು. ಹಾಸ್ಟೆಲಿನ ಗೆಳತಿ ಶೋಭಳ ಜೊತೆ ನಮ್ಮ ಶುಕ್ರವಾರದ ಕೂಟಕ್ಕೆ ಬರುತ್ತಿದ್ದಳು. ಹಾಡು ಇಷ್ಟ ಅಂದಳು, ನಾವೂ ಹೆಚ್ಚು ಕೇಳಲಿಲ್ಲ. ಕೂಟದ ಕೊನೆಯಲ್ಲಿ ಒಬ್ಬೊಬ್ಬರೂ ತಮ್ಮ ಪ್ರಾರ್ಥನೆಯ ವಿಷಯ ಹೇಳುವ ಪದ್ಧತಿ ನಮ್ಮದು. ಅವುಗಳ ಪಟ್ಟಿ ಮಾಡಿ ನಾಲ್ಕು ಊರಿನ ವಾಟ್ಸಾಪ್ ಗುಂಪಿಗೆ ಹಾಕುವವಳು ನಾನು. ಎರಡು ವಾರದ ಹಿಂದೆ ಆ ಹುಡುಗಿಯ ಹೆಸರಿನ ಮುಂದೆ ಹೀಗೆ ಬರೆದಿದ್ದೆ: 'ಫಿಟ್ಸ್ ಇದೆ. ಶ್ರಾವಣದಲ್ಲಿ ಮದುವೆ, ಹುಡುಗನ ಮನೆಯವರಿಗೆ ತಿಳಿಸಿಲ್ಲ. ಪೂರ್ಣ ಸೌಖ್ಯಕ್ಕಾಗಿ ಪ್ರಾರ್ಥಿಸಿ.'

ಹತ್ತು ದಿನದೊಳಗೆ ಆ ಸಾಲು ಹುಡುಗನ ಮನೆ ತಲುಪಿತು. ಮದುವೆ ಮುರಿಯಿತು. ಹುಡುಗಿ ಊರಿಗೆ ಹೋದವಳು ಹಾಸ್ಟೆಲಿಗೆ ಹಿಂತಿರುಗಲಿಲ್ಲ, ಫೋನೂ ಎತ್ತಲಿಲ್ಲ. ಸೋಮವಾರದಿಂದ ಅವಳ ಪರೀಕ್ಷೆ. ಅಪ್ಪ ಕೂಡಿಹಾಕಿರಬೇಕು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಅವರ ಕಾಲಿಗೆ ಬಿದ್ದಾದರೂ ಅವಳನ್ನು ಪರೀಕ್ಷೆಗೆ ಕೂರಿಸಬೇಕೆಂದು ನಾನು ಹೊರಟಿದ್ದೆ.

ಚಿಕ್ಕಬಳ್ಳಾಪುರ ತಲುಪಿದಾಗ ಎಂಟು ಗಂಟೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಶೋಭ ಕಾಯುತ್ತಿದ್ದಳು. ಗೆಳತಿಯ ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಂದಿದ್ದಳು. ಇಬ್ಬರಿಗೂ ಇಡ್ಲಿ ಹೇಳಿದೆ. ಅವಳು ಮುಟ್ಟಲಿಲ್ಲ.

"ಅಕ್ಕ, ಅವ್ಳು ಆವತ್ತು ಸೌಖ್ಯ ಆಗ್ಲಿ ಅಂತ ಕೇಳ್ಲೇ ಇಲ್ಲ. ನಿಮ್ಗೆ ನೆನಪಿದ್ಯಾ?" ಅಂದಳು.

ನೆನಪಿತ್ತು. 

"ಎರಡು ವರ್ಷದಿಂದ ಮಾತ್ರೆ ತಗೋತಿದ್ದಾಳೆ, ಫಿಟ್ಸ್ ಒಂದ್ಸಲಾನೂ ಬಂದಿಲ್ಲ. ಹುಡುಗನಿಗೆ ತಾನೇ ಬಾಯಿಬಿಟ್ಟು ಹೇಳ್ಬೇಕು, ಅದಕ್ಕೆ ಧೈರ್ಯ ಬರ್ಲಿ ಅಂತ ಕೇಳಿದ್ದು. ಮನೇಲಿ ಬೇಡ ಅಂತಿದ್ರು, ಇವಳಿಗೆ ಮುಚ್ಚಿಡೋಕೆ ಇಷ್ಟ ಇರ್ಲಿಲ್ಲ."

ಕಾಯಿಲೆಯ ಮಾತು ಕಿವಿಗೆ ಬಿದ್ದರೆ ಸಾಕು, ಪಟ್ಟಿಯಲ್ಲಿ ಸೌಖ್ಯ ಎಂದು ಬರೆಯುವುದು ನನ್ನ ಕೈಗೆ ರೂಢಿಯಾಗಿಬಿಟ್ಟಿದೆ. ಧೈರ್ಯ ಎಂಬ ಪದ ನನ್ನ ಪಟ್ಟಿಗಳಲ್ಲಿ ಪರೀಕ್ಷೆ ಬರೆಯುವವರಿಗೆ ಮಾತ್ರ. ಅವಳು ಕೇಳಿದ್ದನ್ನು ಬಿಟ್ಟು, ಅವಳು ಬಚ್ಚಿಟ್ಟಿದ್ದನ್ನು ಊರಿಗೆಲ್ಲ ಹಂಚಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಾಲ್ ಟಿಕೆಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಅಲ್ಲಿಂದ ಶಿಡ್ಲಘಟ್ಟ ಮುಕ್ಕಾಲು ಗಂಟೆಯ ದಾರಿ. ನೇರ ಹುಡುಗಿಯ ಊರಿಗೇ ಹೋಗಬಹುದಿತ್ತು. ಆದರೆ ಸಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ತಿಳಿಯದೆ ಆ ತಂದೆಯ ಎದುರು ನಿಲ್ಲಲು ಅಂಜಿಕೆಯಾಯಿತು. ಹುಡುಗನ ಮನೆ ಚಿಂತಾಮಣಿಯಲ್ಲಿತ್ತು, ನಮ್ಮ ಬಳಗದ ಹಳೆಯ ವಿದ್ಯಾರ್ಥಿನಿ ಎಸ್ತರ್ ಕೂಡ ಅಲ್ಲೇ ನರ್ಸ್ ಕೆಲಸದಲ್ಲಿದ್ದಳು. ಶಿಡ್ಲಘಟ್ಟದಲ್ಲಿ ಇಳಿದು ಖಾಸಗಿ ಬಸ್ಸಿಗೆ ನಲವತ್ತು ರೂಪಾಯಿ ಕೊಟ್ಟು ಚಿಂತಾಮಣಿಗೆ ಹೋದೆ. ದಾರಿಯುದ್ದಕ್ಕೂ ಮಾವಿನ ತೋಪುಗಳು, ಹಿಪ್ಪುನೇರಳೆ ತೋಟಗಳು. ಚಾಲಕ ತೆಲುಗು ಹಾಡುಗಳನ್ನು ಜೋರಾಗಿ ಹಾಕಿದ್ದ. ಬೇರೆ ದಿನವಾಗಿದ್ದರೆ ಕಡಿಮೆ ಮಾಡಪ್ಪ ಅನ್ನುತ್ತಿದ್ದೆ. ಅಂದು ಆ ಗದ್ದಲವೇ ಬೇಕಾಗಿತ್ತು.

ಎಸ್ತರ್ ಬಾಗಿಲು ತೆರೆದವಳೇ ಅಳಲು ಶುರುಮಾಡಿದಳು. ಪಟ್ಟಿಯನ್ನು ತನ್ನ ಚರ್ಚಿನ ಹೆಂಗಸರ ಗುಂಪಿಗೆ ಕಳಿಸಿದ್ದವಳು ಅವಳೇ. ಆ ಗುಂಪಿನಲ್ಲಿದ್ದ ಒಬ್ಬ ಹೊಲಿಗೆಯಾಕೆಯ ಮನೆ ಹುಡುಗನ ಮನೆಗೆ ಅಂಟಿಕೊಂಡಿತ್ತು. ಆ ಹೆಂಗಸು ಜಗಳಗಂಟಿಯೂ ಅಲ್ಲ, ಚಾಡಿಕೋರಳೂ ಅಲ್ಲ. ಕನಿಕರದಿಂದ ಹುಡುಗನ ತಾಯಿಯನ್ನು, 'ನಿಮ್ಮ ಆಗೋ ಸೊಸೆಗೆ ಈಗ ಹೇಗಿದೆ, ನಾವೂ ಪ್ರಾರ್ಥನೆ ಮಾಡ್ತಿದ್ದೀವಿ' ಎಂದು ವಿಚಾರಿಸಿದಳಂತೆ, ಅಷ್ಟೆ.

"ಕೆಟ್ಟದಕ್ಕೆ ಕಳಿಸ್ಲಿಲ್ಲ ಅಕ್ಕ. ಇನ್ನೂ ನಾಲ್ಕು ಜನ ಪ್ರಾರ್ಥನೆ ಮಾಡ್ಲಿ ಅಂತ ಕಳಿಸ್ದೆ," ಅಂದಳು ಎಸ್ತರ್.

"ಗೊತ್ತು ಕಣಮ್ಮ. ನಾನೂ ಅದಕ್ಕೇ ಬರೆದಿದ್ದು."

ಅನ್ನ, ಉಪ್ಸಾರು ಬಡಿಸಿದಳು. ಹೊರಡುವಾಗ ಕೈ ಹಿಡಿದುಕೊಂಡಳು. "ಹೋಗೋದು ಹೋಗಿ. ಆದ್ರೆ ಬರೆದಿದ್ದು ನೀವೇ ಅಂತ ಹೇಳ್ಬೇಡಿ. ಕಾಲ ಸರಿಯಿಲ್ಲ. ಹುಡುಗೀನ ಮನೆಯವ್ರಿಗೆ ಗೊತ್ತಿಲ್ದಂಗೆ ಪ್ರಾರ್ಥನೆಗೆ ಕರ್ಕೊಂಡು ಹೋಗ್ತಿದ್ರು ಅಂತ ದೊಡ್ಡದು ಮಾಡಿಬಿಡ್ತಾರೆ. ಬಳಗಾನೇ ಮುಚ್ಚಿಹೋಗುತ್ತೆ."

ಅವಳ ಮಾತು ತಳ್ಳಿಹಾಕುವಂಥದ್ದಾಗಿರಲಿಲ್ಲ. ಶಿಡ್ಲಘಟ್ಟಕ್ಕೆ ಹಿಂದಿರುಗುವ ಬಸ್ಸಿನಲ್ಲಿ, ಕಾಲೇಜಿನ ಪರವಾಗಿ ಬಂದೆನೆಂದರೆ ಹೇಗೆ ಎಂದು ಲೆಕ್ಕ ಹಾಕುತ್ತಾ ಕುಳಿತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಶಿಡ್ಲಘಟ್ಟದಲ್ಲಿ ದಿಬ್ಬೂರಹಳ್ಳಿಯ ಬಸ್ಸು ಹಿಡಿದು ನಡುವೆ ಹುಡುಗಿಯ ಹಳ್ಳಿಯಲ್ಲಿ ಇಳಿದಾಗ ಎರಡೂವರೆ. ಗಾಳಿ ಮಣ್ಣನ್ನು ಕಣ್ಣಿಗೆ ಎರಚುತ್ತಿತ್ತು. ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಕುಳಿತಿದ್ದರು. "ಎವರಮ್ಮಾ ನುವ್ವು?" ಅಂತ ತೆಲುಗಿನಲ್ಲಿ, ನಾನು ಯಾರೆಂದು ವಿಚಾರಿಸಿದರು. ಚಿಕ್ಕಬಳ್ಳಾಪುರದಿಂದ ಬಂದೆ, ಮೊಮ್ಮಗಳನ್ನು ನೋಡಬೇಕಿತ್ತು ಅಂದೆ. ಆ ಹೊತ್ತಿಗೆ ಮನೆಯ ಹಿಂದಿನ ರೇಷ್ಮೆ ಹುಳುವಿನ ಮನೆಯಿಂದ ತಂದೆ ಹೊರಬಂದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಕೈಯಲ್ಲಿ ಇನ್ನೂ ಸೊಪ್ಪಿನ ಬುಟ್ಟಿ.

"ಕಾಲೇಜ್ ಮೇಡಂ ಅಲ್ವಾ? ಬನ್ನಿ, ಬನ್ನಿ. ದೇವರು ಬಂದಂಗ್ ಬಂದ್ರಿ," ಅಂದರು.

ನಾನು ಅಲ್ಲ ಅನ್ನಲಿಲ್ಲ. ಕುರ್ಚಿ ಹಾಕಿದರು, ಕಾಫಿ ತರಿಸಿದರು. ಹಾಲ್ ಟಿಕೆಟನ್ನು ಕೊಟ್ಟಾಗ ಕೈ ತೊಳೆದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಹೇಳಿದ ಮಾತು ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದನ್ನೆಲ್ಲ ಮಣ್ಣುಪಾಲು ಮಾಡಿತು.

"ನೀವಾದ್ರೂ ಅವಳ್ಗೆ ಬುದ್ಧಿ ಹೇಳಿ ಮೇಡಂ. ಸೋಮವಾರ ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ, ಮೂರು ಗಂಟೆ ಬಾಗಿಲಲ್ಲೇ ನಿಂತಿರ್ತೀನಿ ಅಂದೆ. ಒಲ್ಲೆ ಅಂತಾಳೆ. ಮದುವೆ ಹೋದ್ರೆ ಹೋಯ್ತು, ಓದ್ಯಾಕೆ ಹೋಗ್ಬೇಕು?"

ಕೂಡಿಹಾಕಿದ ಅಪ್ಪ ನಮ್ಮ ಕಲ್ಪನೆಯಲ್ಲಿ ಮಾತ್ರ ಇದ್ದ. ಈ ಮನುಷ್ಯನ ಬಗ್ಗೆ ಹದಿನೈದು ಮಕ್ಕಳ ಮುಂದೆ ನಾನು ಏನೇನು ಆಡಿದ್ದೆನೋ ನೆನೆದು ತಲೆ ತಗ್ಗಿಸಿದೆ.

"ಯಾರೋ ಫೋನಲ್ಲಿ ಬರೆದು ಹಾಕಿದ್ರಂತೆ," ಅಂದರು ಅವರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಯಾರು ಅಂತ ಅವಳು ಬಾಯಿ ಬಿಡ್ತಿಲ್ಲ. ನಿಮ್ಗೇನಾದ್ರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಚೀಲದೊಳಗಿದ್ದ ಮೊಬೈಲಿನ ಮೇಲೆ ಹೋಯಿತು. ಇಷ್ಟೆಲ್ಲ ಆದರೂ ಹುಡುಗಿ ನನ್ನ ಹೆಸರು ಹೇಳಿರಲಿಲ್ಲ. ಎಸ್ತರಳ ಮಾತು ನೆನಪಿಗೆ ಬಂತು, ಬಳಗ ನೆನಪಿಗೆ ಬಂತು.

"ನಾನೇ ಬರೆದಿದ್ದು," ಅಂದೆ. "ನಾನು ಕಾಲೇಜಿನವಳಲ್ಲ. ಕ್ರೈಸ್ತ ವಿದ್ಯಾರ್ಥಿಗಳ ಕೂಟ ನಡೆಸ್ತೀನಿ. ನಿಮ್ಮ ಮಗಳು ಹಾಡಿಗೆ ಅಂತ ಬರ್ತಿದ್ಲು. ನಂಬಿ ಹೇಳಿಕೊಂಡ್ಲು. ನಾನು ಹೆಸರು ಸಮೇತ ಬರೆದುಬಿಟ್ಟೆ. ತಪ್ಪಾಯ್ತು."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಹಾಲ್ ಟಿಕೆಟನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಓದಿದೋರಲ್ವೇನಮ್ಮ ನೀವು?" ಅಂದರು. "ಮನೇಲಿ ನಾನು, ಅವಳಮ್ಮ, ಯಾರಿಗೂ ಹೇಳ್ಬೇಡ ಅಂತ ಬಾಯಿ ಮುಚ್ಚಿಸ್ತಿದ್ವಿ. ಅದಕ್ಕೇ ನಿಮ್ಮ ಹತ್ರ ಬಂದ್ಲು ಅನ್ಸುತ್ತೆ," ಅಂದರು. ಆಮೇಲೆ ಹುಳುವಿನ ಮನೆಯ ಕಡೆ ಕೈ ತೋರಿಸಿದರು. "ಒಳಗಿದ್ದಾಳೆ. ಚಪ್ಪಲಿ ಬಿಟ್ಟು, ಕೈ ಕಾಲು ತೊಳ್ಕೊಂಡು ಹೋಗಿ. ಪರೀಕ್ಷೆ ಬರೀಲಿ. ಅಷ್ಟು ಮಾಡಿ, ಆಮೇಲೆ ಇತ್ತ ಬರ್ಬೇಡಿ."

ಒಳಗೆ ಅರೆಗತ್ತಲು, ಸೊಪ್ಪಿನ ಹಸಿ ವಾಸನೆ. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಹುಡುಗಿ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಳು. ನನ್ನನ್ನು ಕಂಡು ಬೆಚ್ಚಲಿಲ್ಲ. ನಾನು ಕ್ಷಮೆ ಕೇಳಿದೆ. ಐದು ಬಸ್ಸುಗಳಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಎರಡೇ ಹೊರಬಂದವು.

"ಹೋದ ಭಾನುವಾರ ಆ ಹುಡುಗನಿಗೆ ಹೇಳ್ಬೇಕು ಅಂತಿದ್ದೆ ಅಕ್ಕ," ಅಂದಳು. "ಅವ್ರು ಬರೋರಿದ್ರು. ಎಲ್ಲಿ ಕೂತು ಹೇಳ್ಬೇಕು, ಮೊದ್ಲು ಏನು ಹೇಳ್ಬೇಕು, ಎಲ್ಲಾ ಯೋಚ್ನೆ ಮಾಡಿದ್ದೆ. ಅವ್ರು ಬೇಡ ಅಂದಿದ್ರೂ ಪರ್ವಾಗಿರ್ಲಿಲ್ಲ. ನಾನು ಹೇಳಿ ಬೇಡ ಅನ್ನಿಸ್ಕೊಂಡಂಗೆ ಆಗ್ತಿತ್ತು. ಶನಿವಾರಾನೇ ಫೋನ್ ಬಂತು, ಮುಚ್ಚಿಟ್ಟು ಮೋಸ ಮಾಡಿದ್ರಿ ಅಂತ."

"ಪರೀಕ್ಷೆ ಬರಿಯಮ್ಮ. ನನ್ನ ತಪ್ಪಿಗೆ ನಿನ್ನ ಮೂರು ವರ್ಷ ಯಾಕೆ ಹಾಳಾಗ್ಬೇಕು?"

"ಹೆಂಗೆ ಬರೀಲಿ? ಹಾಲ್‌ನಲ್ಲಿ ಎಲ್ರೂ ಆ ಮೆಸೇಜ್ ಓದಿರೋರೇ. ಪೇಪರ್ ನೋಡಲ್ಲ, ನನ್ನ ನೋಡ್ತಾರೆ, ಇವ್ಳು ಯಾವಾಗ ಬೀಳ್ತಾಳೆ ಅಂತ. ಆ ಭಯಕ್ಕೇ ಬಂದ್ರೂ ಬರುತ್ತೆ."

ಇಂಥ ಹೊತ್ತಿನಲ್ಲಿ ಬೈಬಲಿನಿಂದ ಯಾವುದಾದರೂ ವಚನ ಹೇಳುವುದು ನನ್ನ ಅಭ್ಯಾಸ. ಬಾಯಿಗೆ ಒಂದೂ ಬರಲಿಲ್ಲ, ಬಾರದಿದ್ದದ್ದೇ ಒಳ್ಳೆಯದಾಯಿತು. ಅವಳು ಇನ್ನೊಂದು ತಟ್ಟೆಗೆ ಸೊಪ್ಪು ಹರಡಿ ಮುಗಿಸುವವರೆಗೂ ನಿಂತಿದ್ದೆ. ಹೊರಡುತ್ತೇನೆಂದಾಗ ತಲೆಯೆತ್ತಿದಳು.

"ಅಕ್ಕ, ಇನ್ಮೇಲೆ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ಬೇಡಿ."

"ಯಾರ ಮುಂದೇನೂ ಹೇಳಲ್ಲ ಕಣಮ್ಮ. ಒಬ್ಳೇ ಇದ್ದಾಗ..."

"ಒಬ್ರೇ ಇದ್ದಾಗ್ಲೂ ಬೇಡ."

ನಾಲ್ಕೂಕಾಲಿನ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ತಂದೆ ಬುಟ್ಟಿ ಹೊತ್ತು ತೋಟದ ಕಡೆ ನಡೆದಿದ್ದರು, ಹುಳುವಿನ ಮನೆಯ ಬಾಗಿಲು ಮುಚ್ಚಿತ್ತು. ಶಿಡ್ಲಘಟ್ಟದಲ್ಲೂ ಚಿಕ್ಕಬಳ್ಳಾಪುರದಲ್ಲೂ ಬಸ್ಸು ಬದಲಿಸಿದೆ. ಮಂಚೇನಹಳ್ಳಿ ದಾಟುವಷ್ಟರಲ್ಲಿ ಗುಂಪಿನಲ್ಲಿ ಹನ್ನೊಂದು ಸಂದೇಶಗಳು ಬಂದಿದ್ದವು. ಹೋದ ಕೆಲಸ ಏನಾಯಿತು, ಹೇಳಿ, ಪ್ರಾರ್ಥಿಸುತ್ತಿದ್ದೇವೆ ಎಂದು. ಒಂದಕ್ಕೂ ಉತ್ತರ ಬರೆಯಲಿಲ್ಲ.

ಸೋಮವಾರ ಮಧ್ಯಾಹ್ನ ಶೋಭ ಫೋನು ಮಾಡಿದಳು. ತಂದೆಯ ಗಾಡಿ ಕಾಲೇಜಿನ ಗೇಟಿನವರೆಗೂ ಬಂದಿತ್ತಂತೆ. ಹುಡುಗಿ ಇಳಿದು ಹತ್ತು ಹೆಜ್ಜೆ ನಡೆದಳಂತೆ. ಅಲ್ಲಿ ನಮ್ಮ ಬಳಗದ ಇಬ್ಬರು ಹುಡುಗಿಯರು ಪ್ರೀತಿಯಿಂದಲೇ ಓಡಿಬಂದು, "ಹೆದರ್ಬೇಡ ಕಣೇ, ನಾವೆಲ್ಲ ನಿನಗೋಸ್ಕರ ಉಪವಾಸ ಇದ್ದೀವಿ" ಅಂದರಂತೆ. ಅವಳು ಅವರ ಮುಖ ನೋಡಿ, ಹಿಂದಿರುಗಿ, ಮತ್ತೆ ಗಾಡಿ ಹತ್ತಿದಳಂತೆ. ಫೋನಿಟ್ಟು ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಅವಳ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ತಡೆದು ಕಣ್ಣು ತೆರೆದೆ.