ಬಾಗಿಲಿರುವ ಒಲೆ

ನಮ್ಮ ಬಚ್ಚಲುಮನೆಗೆ ಹೊಸ ಒಲೆ ತರಬೇಕೆಂಬ ಮಾತು ಹುಟ್ಟಿದ್ದು ಅತ್ತೆಯ ಕೆಮ್ಮಿನಿಂದ. ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮದುವೆ ಬೇಡವೆಂದು ಹುಟ್ಟಿದ ಮನೆಯಲ್ಲೇ ಉಳಿದವಳು. ಯಾಕೆ ಬೇಡ ಎಂದು ಕೇಳಿದವರಿಗೆ ನಕ್ಕು, ಬೇರೆ ಮಾತು ತೆಗೆದು, ಕುಡಿಯಲು ಏನಾದರೂ ಕೊಟ್ಟು ಕಳಿಸುತ್ತಿದ್ದಳಂತೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಮನೆಗೆ ಅವಳೇ ಹಿರಿಯಳು. ಆದರೆ ಮನೆಯ ಯಜಮಾನಿಕೆ ಅಣ್ಣನದು, ಅಡುಗೆಮನೆ ಅತ್ತಿಗೆಯದೂ ನನ್ನ ಹೆಂಡತಿಯದೂ. ಅತ್ತೆಯ ಪಾಲಿಗೆ ಇದ್ದದ್ದು ಬಚ್ಚಲ ಒಲೆ.

ಇದು ಸಣ್ಣ ಕೆಲಸವೆಂದು ತಿಳಿಯಬಾರದು. ನಮ್ಮ ಮನೆ ಇರುವುದು ಯಲ್ಲಾಪುರದಿಂದ ಚಂದಗುಳಿಗೆ ಹೋಗುವ ದಾರಿಯಲ್ಲಿ. ಅಲ್ಲಿಯ ಗಣಪತಿಗೆ ಹರಕೆಯ ಗಂಟೆ ಕಟ್ಟಲು ಬರುವ ನೆಂಟರು, ನೆಂಟರ ನೆಂಟರು, ಸಿದ್ದಾಪುರದ ಕಡೆಯಿಂದ ಹೊತ್ತಿಗೆ ಮುಂಚೆ ಹೊರಟು ಬಂದವರು, ಎಲ್ಲರೂ ನಮ್ಮಲ್ಲಿ ಇಳಿದು, ಮಿಂದು, ಮಡಿ ಉಟ್ಟು ದೇವಸ್ಥಾನಕ್ಕೆ ಹೋಗುವುದು ಅಜ್ಜನ ಕಾಲದಿಂದ ನಡೆದು ಬಂದದ್ದು. ಬಂದವರಿಗೆ ನಮ್ಮ ಮನೆಯಲ್ಲಿ ಮೊದಲು ಕಾಣುತ್ತಿದ್ದದ್ದು ಅತ್ತೆಯ ಮುಖ. ಮಸಿ ಹಿಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಿಗೆ ಬಂದು, "ನೀರು ಕಾದಿದ್ದು, ಮಿಂದ್ಕಂಡು ಬನ್ನಿ" ಎನ್ನುವಳು. ಯಾರು, ಎಲ್ಲಿಯವರು ಎಂಬುದೆಲ್ಲ ಆಮೇಲೆ.

ಒಲೆಯೆಂದರೆ ಮಣ್ಣಿನದು. ಮೇಲೆ ತಾಮ್ರದ ದೊಡ್ಡ ಹಂಡೆಯನ್ನು ಕುತ್ತಿಗೆಯವರೆಗೆ ಹೂತು ಕೂರಿಸಿದ್ದರು. ಒಲೆಬಾಯಿ ಎಷ್ಟು ಅಗಲವೆಂದರೆ ನಾನು ಚಿಕ್ಕವನಿದ್ದಾಗ ತಣಿದ ಒಲೆಯೊಳಗೆ ಅಡಗಿ ಕೂತು, ಬೂದಿ ಬಳಿದುಕೊಂಡು ಹೊರಗೆ ಬಂದದ್ದುಂಟು. ಅದಕ್ಕೆ ಕಟ್ಟಿಗೆಯೇ ಆಗಬೇಕೆಂದಿಲ್ಲ. ಅತ್ತೆ ಅಂಗಳ, ಬೇಲಿ, ತೋಟದಂಚು ಎಲ್ಲ ಸುತ್ತಿ ಒಣಗಿದ ಅಡಿಕೆಯ ಸೋಗೆ, ಹಾಳೆ, ತೆಂಗಿನ ಸಿಪ್ಪೆ, ಉದುರಿದ ಎಲೆಯ ದರಕು ಬಾಚಿ ತರುತ್ತಿದ್ದಳು. ಅವಳ ದಿನವೆಂದರೆ ಹೆಚ್ಚುಕಡಿಮೆ ಅದೇ. ಬೆಳಗ್ಗೆ ಹೊತ್ತಿಸಲು ಸೋಗೆ, ಉರಿ ಎಬ್ಬಿಸಲು ತೆಂಗಿನ ಗರಟೆ, ಮಧ್ಯಾಹ್ನದ ಮೇಲೆ ಬೆಂಕಿ ಸಾಯದ ಹಾಗೆ ಸಿಪ್ಪೆ. ಉರಿಯುವ ಕಟ್ಟಿಗೆ ಸುಯ್ಯೆಂದು ಸದ್ದು ಮಾಡಿದರೆ "ಒಲೆ ನಗಾಡ್ತಾ ಇದ್ದು, ಯಾರೋ ಬರ್ತ" ಎಂದು ಅತ್ತಿಗೆಗೆ ಅಕ್ಕಿ ಹೆಚ್ಚು ಹಾಕಲು ಕೂಗಿ ಹೇಳುವಳು. ಅಷ್ಟು ನೆಂಟರು ಬರುವ ಮನೆಯಲ್ಲಿ ಅದು ಸುಳ್ಳಾಗುವುದಾದರೂ ಹೇಗೆ? ನನಗೆ ಮಾತು ಬಂದದ್ದೇ ಆ ಒಲೆಯ ಮುಂದೆ. ಒಲೆ ಒಟ್ಟುವುದು ಬೇರೆ, ಹೊತ್ತಿಸುವುದು ಬೇರೆ, ಕೆದಕುವುದು ಬೇರೆ ಎಂದು ಶಾಲೆಯ ಯಾವ ಮಾಸ್ತರೂ ನನಗೆ ಕಲಿಸಲಿಲ್ಲ.

ಕೆಮ್ಮು ಬಿಡದೇ ಹೋದಾಗ ಶಿರಸಿಯ ಡಾಕ್ಟರು ಎದೆಯ ಫೋಟೋ ತೆಗೆಸಿ, ಒಲೆಯ ಹೊಗೆ ತಪ್ಪದೆ ಔಷಧಿ ನಾಟುವುದಿಲ್ಲ ಎಂದರು. ವಾಪಸು ಬರುವ ದಾರಿಯಲ್ಲೇ ಅಣ್ಣ ತೀರ್ಮಾನಿಸಿಬಿಟ್ಟ. ಹಳೆಯ ಒಲೆಯನ್ನು ಒಡೆಯುವುದು ಬೇಡ, ಅಜ್ಜ ಕೂರಿಸಿದ ಹಂಡೆ ಅದು. ಒಲೆಬಾಯಿಯೊಳಗೆ ಕೂರುವಂಥ ಕಬ್ಬಿಣದ ಒಲೆ ಬಂದಿದೆಯಂತೆ, ಹೊಗೆಯೆಲ್ಲ ಕೊಳವೆಯಲ್ಲಿ ಮಾಡಿನ ಮೇಲೆ ಹೋಗುತ್ತದಂತೆ. ಹೆಗಡೆಕಟ್ಟಾ ಊರಿನ ನಮ್ಮ ಭಾವ ಆಗಲೇ ಹಾಕಿಸಿ ಆಗಿತ್ತು.

ಆರಿಸಲು ಅತ್ತೆಯನ್ನೂ ಕರೆದುಕೊಂಡೇ ಹೋದೆವು. ಇದನ್ನು ಹೇಳಲೇಬೇಕು, ಅವಳನ್ನು ಬಿಟ್ಟು ಏನನ್ನೂ ಮಾಡಲಿಲ್ಲ. ಶಿರಸಿಯಲ್ಲಿ ವೆಲ್ಡಿಂಗ್ ಅಂಗಡಿಯ ಸಾಹೇಬರು ಕುರ್ಚಿ ಒರೆಸಿ ಅವಳನ್ನು ಕೂರಿಸಿದರು, ಚಹಾ ತರಿಸಿದರು. ಅವರ ಹತ್ತಿರ ಎರಡು ನಮೂನೆ ಇತ್ತು. ಒಂದಕ್ಕೆ ಬಾಯಿ ತೆರೆದೇ ಇರುತ್ತದೆ, ಒಳಗೆ ಜಾಲರಿ, ಮೇಲೆ ಹೊಗೆ ಎಳೆಯುವ ಕೊಳವೆ. ಇನ್ನೊಂದಕ್ಕೆ ದಪ್ಪ ಬಾಗಿಲು, ಬಾಗಿಲಿಗೆ ಚಿಲಕ, ಗಾಳಿಗೊಂದು ಸಣ್ಣ ತೂತು. ಸಾಹೇಬರಿಗೆ ಬಾಗಿಲಿನದರ ಮೇಲೆ ಪ್ರೀತಿ. ಚಿಲಕ ಹಾಕಿ ತೆಗೆದು ತೋರಿಸಿದರು.

"ಅಮ್ಮಾರೇ, ಬೆಳಿಗ್ಗೆ ಎರಡು ತುಂಡು ಕಟ್ಟಿಗೆ ಹಾಕಿ ಬಾಗ್ಲು ಹಾಕಿದ್ರೆ ಆಯ್ತು. ಸಂಜೆ ತನಕ ನೀವು ಒಲೆ ಕಡೆ ತಿರುಗಿ ಸಹ ನೋಡೋದು ಬೇಡ."

ಅತ್ತೆ ಎದ್ದು ಹೋಗಿ ಬಾಗಿಲಿಲ್ಲದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮಂಡಿನೋವಿನವಳು ಅಷ್ಟು ಸಲೀಸಾಗಿ ಕೂತದ್ದು ನೋಡಿ ನನಗೆ ಆಶ್ಚರ್ಯ. ಒಳಗೆ ಕೈ ಹಾಕಿ ಜಾಲರಿ ಮುಟ್ಟಿದಳು. "ಇದಕ್ಕೆ ಸೋಗೆ ಹಾಕಲಿಕ್ಕೆ ಬರ್ತದಾ?" ಎಂದು ಸಾಹೇಬರನ್ನು ಕೇಳಿದಳು.

ಹಾಕಬಹುದು, ಆದರೆ ಪದೇ ಪದೇ ಹಾಕುತ್ತಾ ಕೂರಬೇಕು, ಅದಕ್ಕೆ ಈಗ ಯಾರೂ ಅದನ್ನು ಒಯ್ಯುವುದಿಲ್ಲ ಎಂದು ಅವರು ನಕ್ಕರು. ಅಣ್ಣನೂ ನಕ್ಕ. "ಅತ್ತೆಗೆ ಇನ್ನು ಪೆನ್ಶನ್ನು. ಕಾಲು ಚಾಚ್ಕಂಡು ಕೂತ್ಕಂಡ್ರಾತು" ಎಂದ. ಅತ್ತೆಯೂ ನಕ್ಕಳು. ಯಾವುದು ತಗೊಳ್ಳೋಣ ಎಂದು ನಾನು ಕೇಳಿದ್ದಕ್ಕೆ, "ಅಡ್ಡಿಲ್ಲೆ, ನಿಂಗಕ್ಕೆ ಯಾವ್ದು ಅನುಕೂಲನೋ ಅದೇ ಇರ್ಲಿ" ಎಂದಳು.

ನಮ್ಮ ಕಡೆಯ ಹಿರಿಯರು ತಮಗೆ ಇಂಥದ್ದು ಬೇಕೆಂದು ಬಾಯಿಬಿಟ್ಟು ಹೇಳುವವರಲ್ಲ. ಊಟಕ್ಕೆ ಕೂತರೂ ಸಾಕು ಸಾಕು ಎನ್ನುವುದು, ಬಡಿಸುವವರು ಮತ್ತೂ ಒತ್ತಾಯ ಮಾಡುವುದು. ಎಲೆಯ ಮುಂದೆ ನಿಂತಾಗ ನಮಗೆಲ್ಲ ಇದು ಚೆನ್ನಾಗಿ ಗೊತ್ತು. ಎರಡನೆಯ ಸಲ ಕೇಳದೆ ಯಾರೂ ಪಾತ್ರೆ ಎತ್ತಿಕೊಂಡು ಮುಂದೆ ಹೋಗುವುದಿಲ್ಲ. ಆ ದಿನ ಅಂಗಡಿಯಲ್ಲಿ ಯಾರೂ ಎರಡನೆಯ ಸಲ ಕೇಳಲಿಲ್ಲ.

ಒಲೆ ಬಂತು. ಅಗಲವಾದ ಬಾಯಿಗೆ ಇಟ್ಟಿಗೆ ಕಟ್ಟಿ ಕಿರಿದು ಮಾಡಿ ಅದನ್ನು ಒಳಗೆ ಕೂರಿಸಿದರು. ಹಂಡೆಗೆ ನಲ್ಲಿಯನ್ನೂ ಜೋಡಿಸಿದರು. ಸಾಹೇಬರು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಕಟ್ಟಿಗೆ ಉಳಿಯಿತು, ಬಚ್ಚಲ ಗೋಡೆಗೆ ಸುಣ್ಣ ಹೊಡೆದದ್ದು ಬಿಳಿಯಾಗಿಯೇ ಉಳಿಯಿತು. ಅತ್ತೆಯ ಕೆಮ್ಮು ತಗ್ಗಿತು. ಮೊದಲ ಸಲ ಅವಳು ಬೆಳಗಿನ ತನಕ ಕೆಮ್ಮದೆ ಮಲಗಿದ್ದನ್ನು ನನ್ನ ಹೆಂಡತಿ ಮನೆಯವರಿಗೆಲ್ಲ ಸಂತೋಷದಿಂದ ಹೇಳಿದಳು.

ಅತ್ತೆ ಮೊದಲಿನ ಹಾಗೆಯೇ ಎದ್ದು ಬಂದು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಎದುರಿಗೆ ಮುಚ್ಚಿದ ಕಬ್ಬಿಣ. ಬೆಂಕಿ ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ಒಂದಷ್ಟು ಹೊತ್ತು ಕೂತು, ತಡೆಯಲಾಗದೆ ಸೆರಗಿನ ತುದಿ ಹಿಡಿದು ಚಿಲಕ ತೆಗೆಯುವಳು. ಒಳಗಿಂದ ಅತ್ತಿಗೆ, "ಅತ್ತೆ, ಬಾಗ್ಲು ತೆಗೆಯಡಿ, ಕಾವು ಹೋಗ್ತು" ಎನ್ನುವಳು. ಸಿಟ್ಟಿನಿಂದಲ್ಲ, ಅವಳ ಎದೆಗೆ ಹೊಗೆ ಹೋದೀತೆಂಬ ಕಾಳಜಿಯಿಂದಲೇ. ಅತ್ತೆ ಮುಚ್ಚುವಳು. ಸೋಗೆ, ಹಾಳೆ ಬಾಚಿ ತರುವುದನ್ನೂ ಬಿಡಲಿಲ್ಲ. ಹೊಸ ಒಲೆಗೆ ಬೇಕಾದದ್ದು ಅಳತೆಗೆ ಸೀಳಿದ ಕಟ್ಟಿಗೆ ಮಾತ್ರ. ಅವಳು ತಂದದ್ದೆಲ್ಲ ಗೋಡೆಗೆ ಒರಗಿ ಬೆಳೆಯಿತು. ಅದರಲ್ಲಿ ಹಾವು ಸೇರೀತೆಂದು ಅಣ್ಣ ಆಳಿಗೆ ಹೇಳಿ ಗೊಬ್ಬರದ ಗುಂಡಿಗೆ ಹಾಕಿಸಿದ. ಅದರ ಮಾರನೆ ದಿನದಿಂದ ಅತ್ತೆ ಅಂಗಳಕ್ಕೆ ಇಳಿಯಲಿಲ್ಲ.

ನೆಂಟರು ಬಂದರೆ ನಾವು ಯಾರಾದರೂ ನಲ್ಲಿ ತೋರಿಸುತ್ತಿದ್ದೆವು. ಅವರು ದೇವಸ್ಥಾನ ಮುಗಿಸಿ, ಉಂಡು ಹೊರಡುವ ಹೊತ್ತಿಗೆ, ಅತ್ತೆ ಎಲ್ಲಿ, ಕಾಣಲೇ ಇಲ್ಲವಲ್ಲ ಎಂದು ಕೇಳುವರು. ಒಳಗಿನ ಕೋಣೆಯಲ್ಲಿ ಮಲಗಿದವಳನ್ನು ಎಬ್ಬಿಸಿ ಕರೆತರಬೇಕಾಗುತ್ತಿತ್ತು. ವಯಸ್ಸಾಯಿತು, ಸುಸ್ತು ಎಂದು ನಾವು ನಾವೇ ಹೇಳಿಕೊಂಡೆವು.

ಆ ಸಮಯಕ್ಕೆ ಕಿರವತ್ತಿಯಲ್ಲಿರುವ ನನ್ನ ತಂಗಿಯ ಮನೆಗೆ ಅವಳ ಮಗಳು ಹೆರಿಗೆಗೆ ಬಂದಳು. ಬಾಣಂತಿಗೂ ಮಗುವಿಗೂ ನೀರು ಹಾಕಲು ತಿಳಿದವರು ಬೇಕು, ನಾಲ್ಕು ದಿನ ಅತ್ತೆಯನ್ನು ಕಳಿಸಿ ಎಂದು ತಂಗಿ ಫೋನು ಮಾಡಿದಳು. ಈ ಪ್ರಾಯದಲ್ಲಿ ಬೇಡವೆಂದು ನಾವು ಹೇಳುವಷ್ಟರಲ್ಲಿ ಅತ್ತೆ ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಳು.

ಬಾಣಂತನ ಮುಗಿಯಿತು. ತಂಗಿಯ ಮಗಳು ಮಗುವನ್ನು ಎತ್ತಿಕೊಂಡು ಗಂಡನ ಮನೆಗೂ ಹೋದಳು. ಅತ್ತೆ ಬರಲಿಲ್ಲ. ಇಂದು ನಾಳೆ ಎಂದು ಫೋನಿನಲ್ಲಿ ಮುಂದೂಡುತ್ತಿದ್ದಳು. ಕಡೆಗೆ ಕರೆತರಲೆಂದು ನಾನೇ ಹೋದೆ.

ತಂಗಿಯ ಮನೆ ಹೈವೇಯಿಂದ ಸ್ವಲ್ಪ ಒಳಗೆ. ಹಿತ್ತಿಲಲ್ಲಿ ತಗಡಿನ ಬಚ್ಚಲು, ಮೂರು ಕಲ್ಲಿಟ್ಟು ಮಣ್ಣು ಮೆತ್ತಿದ ಒಲೆ, ಮೇಲೊಂದು ಸೊಟ್ಟ ಹಂಡೆ. ಹೊಗೆ ಎಂದರೆ ಹೊಗೆ. ಅದರ ನಡುವೆ ಅತ್ತೆ ಕೂತಿದ್ದಳು. ಆ ಕಡೆಯವರು ಗೋವಿನಜೋಳ, ಅಂದರೆ ಮೆಕ್ಕೆಜೋಳ ಬೆಳೆಯುತ್ತಾರಲ್ಲ, ಕಾಳು ಉದುರಿಸಿದ ಬೆಂಡಿನ ರಾಶಿ ಅವಳ ಪಕ್ಕದಲ್ಲಿತ್ತು. ಒಂದೊಂದಾಗಿ ಒಲೆಗೆ ಇಡುತ್ತಾ, ಪಕ್ಕದ ಮನೆಯ ಹೆಂಗಸಿಗೆ ಅದು ಹೇಗೆ ಗರಟೆಗಿಂತ ಚೊಲೋ ಕೆಂಡವಾಗುತ್ತದೆಂದು ವಿವರಿಸುತ್ತಿದ್ದಳು. ಮಾತಿನ ನಡುವೆ ಕೆಮ್ಮು. ಹಳೆಯ ಕೆಮ್ಮೇ, ಇನ್ನೂ ಆಳಕ್ಕೆ ಇಳಿದಿತ್ತು. ಮುಖ ಮಾತ್ರ ನಾನು ಎಷ್ಟೋ ದಿನದಿಂದ ನೋಡದ ಮುಖ.

ಹೊರಡು ಎಂದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಆ ಬಾಗಿಲಿನ ಒಲೆ ಕಿತ್ತು ಹಾಕಿಸುತ್ತೇನೆ, ಸಾಹೇಬರ ಹತ್ತಿರ ಆ ಇನ್ನೊಂದು ಇನ್ನೂ ಇದ್ದೀತು, ಸೋಗೆ ಹಾಕುವಂಥದ್ದು, ಅದನ್ನೇ ತರೋಣ ಎಂದೆ.

"ಕೀಳಡ ತಮಾ. ಚೊಲೋ ಇದ್ದು ಅದು, ಹೊಗೆ ಇಲ್ಲೆ" ಎಂದಳು. ಆಮೇಲೆ ಬೆಂಡೊಂದನ್ನು ಒಲೆಯೊಳಗೆ ಸರಿಸಿ, ನನ್ನ ಕಡೆ ನೋಡದೆ ಹೇಳಿದಳು: "ಆನು ಬಂದು ಅಲ್ಲಿ ಎಂತ ಮಾಡವು? ಇಲ್ಲಿ ಆನು ಏಳದೇ ಹೋದ್ರೆ ಯಾರಿಗೂ ನೀರಿಲ್ಲೆ."

ನಾನು ಮತ್ತೆ ಕೇಳಿದೆ. ಮೂರನೆಯ ಸಲವೂ ಕೇಳಿದೆ. ತಂಗಿ ಬಾಗಿಲಲ್ಲಿ ನಿಂತು, ಇಲ್ಲಿ ಇದ್ದರೆ ನನಗೇನೂ ಭಾರವಲ್ಲ ಎಂದಳು. ಅತ್ತೆ ನನ್ನ ಕೈ ಹಿಡಿದುಕೊಂಡು ಎದ್ದು, ತನ್ನ ಸೀರೆಗಳು ಅಲ್ಲೇ ಉಳಿದಿವೆ, ಔಷಧಿ ಬಾಟಲಿಯೂ ಇದೆ, ಯಾರಾದರೂ ಈ ಕಡೆ ಬರುವವರಿದ್ದರೆ ಕೊಟ್ಟು ಕಳಿಸು ಎಂದಳು.

ಮನೆಗೆ ಬಂದು ಹೇಳಿದೆ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ ಅತ್ತೆಯ ಕೋಣೆಗೆ ಹೋದಳು. ಸೀರೆಗಳನ್ನು ಮಡಿಸಿ, ಔಷಧಿಯನ್ನು ಟವೆಲಿನಲ್ಲಿ ಸುತ್ತಿ, ಒಂದು ಕೈಚೀಲದಲ್ಲಿ ಇಟ್ಟಳು. ಬೇರೆ ಏನಾದರೂ ಇದೆಯೇ ಎಂದು ನಾವೆಲ್ಲ ಹುಡುಕಿದೆವು, ಕಪಾಟು, ಮಂಚದ ಕೆಳಗೆ, ಕಿಟಕಿಯ ಮಾಡ. ಅಷ್ಟು ವರ್ಷ ಇದ್ದ ಮನೆಯಲ್ಲಿ ಅವಳದ್ದೆನ್ನುವಂಥದ್ದು ಬೇರೇನೂ ಸಿಗಲಿಲ್ಲ. ಕಿರವತ್ತಿಯ ಮೇಲೆ ಹೋಗುವ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಆ ಚೀಲವನ್ನು ನಾನೇ ಕೊಟ್ಟು ಬಂದೆ.