ಬಾಗಿಲು ಹಾಕುವುದಾದರೆ ಪಾಠ ಇಲ್ಲ

ಕಾಪುವಿನ ಒಂದು ಮನೆಯಲ್ಲಿ ನನ್ನಿಂದಾಗಿ ಎಸಿ ಬಂದ್ ಆಯಿತು. ಕೊನೆಗೆ ನನ್ನ ಟ್ಯೂಷನ್ನೂ ಬಂದ್ ಆಯಿತು.

ನಾನು ಮನೆ ಮನೆಗೆ ಹೋಗಿ ಗಣಿತ ಹೇಳಿಕೊಡುವವನು. ಕಡಿಯಾಳಿಯಿಂದ ಸ್ಕೂಟರ್ ಹೊರಟರೆ ಮೊದಲು ಮಣಿಪಾಲದ ಫ್ಲ್ಯಾಟ್, ಆಮೇಲೆ ಕಾಪು. ಟ್ಯೂಷನ್ ಸರ್ ಬಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಒಳಗಿನ ಕೋಣೆ ಬಿಟ್ಟುಕೊಡುತ್ತಾರೆ. ಕಾಫಿ, ಗೋಳಿಬಜೆ ತಂದಿಡುತ್ತಾರೆ. ಪಾಠಕ್ಕೆ ತೊಂದರೆ ಆಗಬಾರದೆಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಗೌರವವಂತೆ!

ನನಗೆ ಈ ಗೌರವ ಬೇಡ. (ಗೋಳಿಬಜೆ ಇರಲಿ.)

ಕಾಪುವಿನ ಆ ಮನೆಯಲ್ಲಿ ಮೊದಲ ದಿನವೇ ಹೇಳಿದೆ, "ಬಾಗಿಲು ತೆರೆದಿರಲಿ."

ನಾನು ಪಾಠ ಹೇಳಬೇಕಿದ್ದ ಹುಡುಗಿಯ ಅಪ್ಪನಿಗೆ ಅರ್ಥವಾಗಲಿಲ್ಲ. "ತಂಪು ಎಲ್ಲ ಹೊರಗೆ ಹೋಗ್ತದೆ ಸರ್."

"ಹಾಗಾದರೆ ಎಸಿ ಬೇಡ. ಹಾಲ್‌ನಲ್ಲಿ ಕೂತುಕೊಳ್ಳುವ."

"ಎಂತ ಸರ್, ನಮ್ಮ ಮೇಲೆ ಸಂಶಯವಾ?"

"ನಿಮ್ಮ ಮೇಲಲ್ಲ. ನನ್ನ ಮೇಲೆ ನೀವು ಒಂದು ಕಣ್ಣು ಇಡಬೇಕು."

ಅವರು ನಕ್ಕರು. "ನಿಮ್ಮ ಮೇಲೆ ಪೂರ್ತಿ ನಂಬಿಕೆ ಉಂಟು ಮಾರಾಯ್ರೆ!"

ಯಾಕೆ? ನನ್ನನ್ನು ನೋಡಿ ಹತ್ತು ನಿಮಿಷವೂ ಆಗಿರಲಿಲ್ಲ. ಶಾಲೆಯಲ್ಲಾದರೆ ಹೆಡ್‌ಮಾಸ್ತರರಿದ್ದಾರೆ, ಸಹೋದ್ಯೋಗಿಗಳಿದ್ದಾರೆ, ಕಿಟಕಿಯಲ್ಲಿ ಇಣುಕುವ ಮಕ್ಕಳಾದರೂ ಇರುತ್ತಾರೆ. ನನ್ನಂಥವನ ಮೇಲೆ ಯಾರಿದ್ದಾರೆ? ಅದಕ್ಕೇ ನನ್ನ ಕಾನೂನು ನಾನೇ ಮಾಡಿಕೊಂಡಿದ್ದೇನೆ. ದೊಡ್ಡವರು ಮನೆಯಲ್ಲಿಲ್ಲದಿದ್ದರೆ ವಾಪಸ್. ಮಗುವಿಗೆ ಪ್ರತ್ಯೇಕ ಮೆಸೇಜ್ ಇಲ್ಲ, ಡೌಟ್ ಇದ್ದರೆ ಅಮ್ಮನೂ ಇರುವ ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಕು. ಇತರ ಟ್ಯೂಷನ್ ಸರ್‌ಗಳಿಗೆ ನನ್ನ ಮೇಲೆ ಸಿಟ್ಟು. "ನಿಮ್ಮಿಂದ ನಮಗೂ ಕೆಟ್ಟ ಹೆಸರು" ಅನ್ನುತ್ತಾರೆ. ಬರಲಿ ಬಿಡಿ!

ಅಂತೂ ಹಾಲ್‌ನಲ್ಲಿ ಪಾಠ ಶುರುವಾಯಿತು. ಅಜ್ಜಿಯ ಟಿವಿ ಒಂದು ಕಡೆ, ಬೀಜಗಣಿತ ಇನ್ನೊಂದು ಕಡೆ. ಎರಡನೇ ವಾರ ಅಜ್ಜಿ ನೀರು ಕುಡಿಯಲು ಎದ್ದಾಗ, ಹುಡುಗಿ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

"ಕಾರ್ಕಳದಲ್ಲಿ ಇರುವಾಗ ಬರ್ತಿದ್ದ ಸರ್ ಬಾಗಿಲು ಹಾಕ್ತಿದ್ರು. ಆ ರೂಮಲ್ಲಿ ಎಸಿ ಇರಲಿಲ್ಲ."

ನನ್ನ ಪೆನ್ನು ನಿಂತಿತು. ಉಳಿದದ್ದನ್ನೂ ಅವಳೇ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. (ಊರುಗಳನ್ನೂ ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ.) ಯಾರಿಗೂ ಹೇಳಬೇಡ ಎಂದು ಅವನು ಅವಳಿಂದ ಆಣೆ ಹಾಕಿಸಿಕೊಂಡಿದ್ದನಂತೆ.

"ತಪ್ಪು ನಿನ್ನದಲ್ಲ ಮಗಾ. ಆದರೆ ಇದನ್ನು ನಾನು ಗುಟ್ಟಾಗಿ ಇಡುವುದಿಲ್ಲ. ಅಮ್ಮನಿಗೆ ಈಗಲೇ ಹೇಳುವ" ಅಂದೆ. ಅವಳು ತಲೆಯಾಡಿಸಿದಳು.

ಅಮ್ಮ ಮಗಳನ್ನು ತಬ್ಬಿಕೊಂಡು ಅತ್ತರು. ಅಪ್ಪ ಮಾತ್ರ ಎದ್ದು ಹೋಗಿ ಮುಂಬಾಗಿಲು ಹಾಕಿ ಬಂದರು, ಪಕ್ಕದ ಮನೆಗೆ ಕೇಳಿಸಬಾರದಲ್ಲ!

"ಇದು ಇಲ್ಲಿಗೇ ಮುಗೀಲಿ ಸರ್. ನಮ್ಮ ಮಗಳ ಹೆಸರು ಎಂತ ಆಗ್ತದೆ?"

"ಮುಗಿಸಲು ಆಗುವುದಿಲ್ಲ. ಗೊತ್ತಾದ ಮೇಲೆ ದೂರು ಕೊಡಲೇಬೇಕು, ಕಾನೂನು ಉಂಟು. ನೀವು ಬಂದರೆ ಒಟ್ಟಿಗೆ ಹೋಗುವ. ಬರದಿದ್ದರೆ ನಾನು ಒಬ್ಬನೇ ಹೋಗುತ್ತೇನೆ."

"ಹಾಗಾದ್ರೆ ನಾಳೆಯಿಂದ ನೀವು ಬರುವುದು ಬೇಡ."

ಮರುದಿನ ಅವರ ಮನೆಗೆ ಹೋಗಲಿಲ್ಲ. ಪೊಲೀಸ್ ಠಾಣೆಗೆ ಹೋದೆ. ಅದರ ಮಾರನೇ ದಿನ ಹುಡುಗಿಯ ಅಮ್ಮ ಮಗಳ ಕೈ ಹಿಡಿದುಕೊಂಡು ಅಲ್ಲಿಗೆ ಬಂದರು. ಆ ಹೆಂಗಸಿನ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಬಾಗಿಲು ಹಾಕಿದರೆ ಪಾಠ ಮಾಡದ ಸರ್ ಎಂದು ಈಗ ಊರಿಡೀ ನನ್ನದೇ ಸುದ್ದಿ. ಮಣಿಪಾಲದ ಫ್ಲ್ಯಾಟಿನವರೂ ಕೇಳಿದರು, "ನಿಮ್ಮ ಮೇಲೆ ನಮಗೆ ಅಷ್ಟು ನಂಬಿಕೆ ಇರುವಾಗ ಬಾಗಿಲು ಯಾಕೆ ಸರ್ ತೆರೆದಿಡಬೇಕು?"

ಕಾರ್ಕಳದ ಆ ಸರ್ ಮೇಲೂ ಎಲ್ಲರಿಗೂ ನಂಬಿಕೆ ಇತ್ತಲ್ಲ?